ಗವಾನರ ಎರಡು ಖಜಾನೆಗಳು

ಗುರಿ ಮುಟ್ಟುವುದು ಹೇಗೆ, ಗಳಿಸಿದ ಯಶಸ್ಸನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕಲಿಸುವ ಪುಸ್ತಕಗಳಿಗೆ ಇಂದು ಬರವಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲೂ ವ್ಯಕ್ತಿತ್ವ ವಿಕಸನದ ನಾಲ್ಕಾರು ಪುಸ್ತಕಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಬರುವ ಉದಾಹರಣೆಗಳೆಲ್ಲ ಹೆಚ್ಚಾಗಿ ದೂರದೇಶದ ಉದ್ಯಮಿಗಳವು. ಓದಿ ಮುಗಿಸಿದ ಮೇಲೆ ನಾವು ನಮ್ಮ ಮಕ್ಕಳಿಗೆ ಹೇಳುವುದೂ ಅದನ್ನೇ: ದೊಡ್ಡ ಗುರಿ ಇಟ್ಟುಕೊ, ಬೆವರು ಸುರಿಸು, ಮೇಲಕ್ಕೆ ಏರು. ಏರಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಬಳಿ ಸ್ಪಷ್ಟ ಉತ್ತರವಿರುವುದಿಲ್ಲ.

ಈ ಪ್ರಶ್ನೆಯೊಡನೆ ಒಮ್ಮೆ ಬೀದರ್ ಕಡೆಗೆ ನೋಡಬಹುದು. ಆ ನಗರದ ಹಳೆಯ ಪೇಟೆಯ ನಡುವೆ ಅರ್ಧ ಉರುಳಿ ಅರ್ಧ ಉಳಿದಿರುವ ಒಂದು ಮದ್ರಸವಿದೆ. ಅದರ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. ಈಗ ಉಳಿದಿರುವುದು ಒಂದೇ. ಗೋಡೆಗಳ ಮೇಲೆ ಅಲ್ಲಲ್ಲಿ ನೀಲಿ, ಹಳದಿ, ಬಿಳಿ ಬಣ್ಣದ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಪರದೇಶದಿಂದ ಬಂದ ವ್ಯಾಪಾರಿ. ಈ ನೆಲದಲ್ಲಿ ಅವರು ಒಬ್ಬ ಮಂತ್ರಿಗೆ ಸಾಧ್ಯವಿದ್ದ ಅತ್ಯುನ್ನತ ಪದವಿಗೆ ಏರಿದರು. ಸುಮಾರು ಎರಡು ದಶಕಗಳ ಕಾಲ ಅಧಿಕಾರದ ಕೇಂದ್ರದಲ್ಲಿದ್ದರು. ಕೊನೆಗೆ ಒಂದು ಸುಳ್ಳು ಪತ್ರಕ್ಕೆ ತಲೆ ಕೊಟ್ಟರು. ಗಳಿಸುವುದು, ಉಳಿಸಿಕೊಳ್ಳುವುದು, ಕಳೆದುಕೊಳ್ಳುವುದು ಈ ಮೂರೂ ಒಂದೇ ಬದುಕಿನಲ್ಲಿ ಇಷ್ಟು ನಿಚ್ಚಳವಾಗಿ ಕಾಣುವುದು ಅಪರೂಪ.

ದೆಹಲಿಗೆ ಹೊರಟವರು

ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಗೀಲಾನ್ ಪ್ರಾಂತ್ಯ ಅವರ ಹುಟ್ಟೂರ ಸೀಮೆ. ಅದು ಇಂದಿನ ಇರಾನಿನ ಉತ್ತರ ಭಾಗ. ಅವರ ಮನೆತನ ಅಲ್ಲಿನ ಅರಸರ ಆಸ್ಥಾನದಲ್ಲಿ ಹೆಸರು ಮಾಡಿತ್ತು. ಆಸ್ಥಾನದ ಒಳಜಗಳಗಳಿಂದಾಗಿ ಗವಾನರು ಊರು ಬಿಡಬೇಕಾಯಿತು. ಅಧಿಕಾರದ ಆಸೆ ಬಿಟ್ಟು ವ್ಯಾಪಾರ ಹಿಡಿದರು. ದೇಶ ದೇಶ ಸುತ್ತಿದರು, ವಿದ್ವಾಂಸರ ಸಹವಾಸ ಮಾಡಿದರು. 1453ರಲ್ಲಿ ಕೊಂಕಣ ಕರಾವಳಿಯ ದಾಭೋಳ ಬಂದರಿನಲ್ಲಿ ಹಡಗಿನಿಂದ ಇಳಿದಾಗ ಅವರ ವಯಸ್ಸು ನಲವತ್ತು ದಾಟಿತ್ತು.

ಅವರು ಬಹಮನಿ ರಾಜ್ಯದಲ್ಲಿ ಮಂತ್ರಿಯಾಗಲು ಬಂದವರಲ್ಲ. ಬೀದರ್‌ನಲ್ಲಿದ್ದ ಸೂಫಿ ಶಾಹ್ ಮುಹಿಬ್ಬುಲ್ಲಾಹ್ ಅವರನ್ನು ಕಾಣಬೇಕು, ಸರಕು ಮಾರಬೇಕು, ಅಲ್ಲಿಂದ ದೆಹಲಿಗೆ ಹೋಗಿ ಅಲ್ಲಿನ ವಿದ್ವಾಂಸರನ್ನು ನೋಡಬೇಕು ಎಂಬುದು ಅವರ ಯೋಜನೆಯಾಗಿತ್ತು. ಆದರೆ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಶಾಹ್ ಈ ವ್ಯಾಪಾರಿಯ ವಿದ್ವತ್ತನ್ನೂ ಲೋಕಾನುಭವವನ್ನೂ ಮೆಚ್ಚಿ ಬೀದರ್‌ನಲ್ಲೇ ಉಳಿಸಿಕೊಂಡ. ತೆಲಂಗಾಣದ ನಲ್ಗೊಂಡದಲ್ಲಿ ಎದ್ದಿದ್ದ ಬಂಡಾಯವನ್ನು ಅಡಗಿಸಲು ಕಳುಹಿಸಿದ. ಕೊಟ್ಟ ಕೆಲಸವನ್ನು ಗವಾನರು ಮುಗಿಸಿ ಬಂದರು. ದೆಹಲಿ ಅಲ್ಲಿಗೇ ಮರೆಯಾಯಿತು.

ಗುರಿ ಎಂಬುದು ಮೊದಲೇ ಬರೆದಿಟ್ಟ ವಿಳಾಸ ಎಂದು ನಾವು ತಿಳಿದುಕೊಂಡಿದ್ದೇವೆ. ಗವಾನರ ಬದುಕು ಹಾಗೆ ಹೇಳುವುದಿಲ್ಲ. ಅವರು ತಲುಪಬೇಕೆಂದುಕೊಂಡ ಊರು ಬೇರೆ, ತಲುಪಿದ ಊರು ಬೇರೆ. ಆದರೆ ನಲವತ್ತು ವರ್ಷ ಕಲಿತದ್ದು ಮಾತ್ರ ವ್ಯರ್ಥವಾಗಲಿಲ್ಲ. ಲೆಕ್ಕ, ಭಾಷೆ, ಜನರನ್ನು ಅಳೆಯುವ ಕಣ್ಣು ಎಲ್ಲವೂ ಹೊಸ ಜಾಗದಲ್ಲಿ ಕೆಲಸಕ್ಕೆ ಬಂದವು.

ಏರಿದ ಮೆಟ್ಟಿಲುಗಳು

1458ರಲ್ಲಿ ಸುಲ್ತಾನ ಹುಮಾಯೂನ್ ಪಟ್ಟಕ್ಕೆ ಬಂದ. ಚರಿತ್ರೆ ಅವನನ್ನು 'ಜಾಲಿಂ' ಅಂದರೆ ಕ್ರೂರಿ ಎಂದೇ ನೆನಪಿಟ್ಟುಕೊಂಡಿದೆ. ಅವನ ಕಾಲದಲ್ಲಿ ಗವಾನರಿಗೆ 'ಮಲಿಕುತ್ತುಜ್ಜಾರ್' ಎಂಬ ಬಿರುದು ದೊರೆಯಿತು. ವರ್ತಕರ ಒಡೆಯ ಎಂದು ಅದರ ಅರ್ಥ. ಮೂರೇ ವರ್ಷಗಳಲ್ಲಿ ಹುಮಾಯೂನ್ ತೀರಿಕೊಂಡಾಗ ಪಟ್ಟವೇರಿದವನು ಎಂಟು ವರ್ಷದ ಬಾಲಕ. ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನರು ಸೇರಿ ರಾಜ್ಯ ನಡೆಸಿದರು. ಅರಸ ಹುಡುಗನೆಂದು ತಿಳಿದ ಮಾಳವದ ಸುಲ್ತಾನ ಮಹಮೂದ್ ಖಲ್ಜಿ 1462ರಲ್ಲಿ ಬೀದರ್‌ವರೆಗೂ ನುಗ್ಗಿದ. ಗವಾನರು ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನ ನೆರವು ಕೇಳಿ ತಂದರು. ಖಲ್ಜಿ ಹಿಮ್ಮೆಟ್ಟಬೇಕಾಯಿತು.

ಬಾಲ ಅರಸ ಬದುಕಿದ್ದು 1463ರವರೆಗೆ ಮಾತ್ರ. ಅವನ ತಮ್ಮ ಮೂರನೇ ಮುಹಮ್ಮದ್ ಶಾಹ್ ಪಟ್ಟಕ್ಕೆ ಬಂದ. ಅವನೂ ಹುಡುಗನೇ. ಅಧಿಕಾರವನ್ನು ಒಬ್ಬನೇ ಕೈಗೆ ತೆಗೆದುಕೊಳ್ಳತೊಡಗಿದ ಖ್ವಾಜಾ ಜಹಾನ್ ತುರ್ಕ್, ರಾಜಮಾತೆಯ ಆಜ್ಞೆಯಂತೆ ಕೊಲೆಯಾದ. 1466ರಲ್ಲಿ 'ಖ್ವಾಜಾ ಜಹಾನ್' ಎಂಬ ಅದೇ ಬಿರುದಿನೊಡನೆ ಗವಾನರು ಪ್ರಧಾನಿಯಾದರು. ಹಿಂದಿನವನ ರಕ್ತ ಬಿದ್ದ ಜಾಗದಲ್ಲೇ ಅವರು ನಿಂತಿದ್ದರು. ಪದವಿ ಎಷ್ಟು ಎತ್ತರವೋ ಅಷ್ಟೇ ಅಪಾಯ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1469ರಲ್ಲಿ ಅವರು ಕೊಂಕಣದ ದಂಡಯಾತ್ರೆಗೆ ಹೊರಟರು. ಕಡಲ್ಗಳ್ಳರು ವ್ಯಾಪಾರದ ಹಡಗುಗಳನ್ನೂ ಹಜ್ ಯಾತ್ರಿಕರ ಹಡಗುಗಳನ್ನೂ ದೋಚುತ್ತಿದ್ದ ಕಾಲ ಅದು. ಘಟ್ಟದ ಕಾಡು, ಕಡಿದಾದ ಕೋಟೆಗಳು, ಬಿಡದೆ ಸುರಿಯುವ ಮಳೆ. ಮಳೆಗಾಲ ಬಂದರೆ ಘಟ್ಟ ಹತ್ತಿ ಕೊಲ್ಹಾಪುರದಲ್ಲಿ ಬೀಡುಬಿಡುವುದು, ಮಳೆ ನಿಂತರೆ ಮತ್ತೆ ಇಳಿಯುವುದು. ಇತ್ತ ರಾಜಧಾನಿಯಲ್ಲಿ ವಿರೋಧಿಗಳು ತಮ್ಮ ಕಾಲೆಳೆಯುತ್ತಿದ್ದಾರೆಂಬ ನೋವನ್ನು ಅವರು ಪತ್ರಗಳಲ್ಲಿ ತೋಡಿಕೊಂಡಿದ್ದಾರೆ. ಆದರೂ ಕೆಲಸ ಬಿಡಲಿಲ್ಲ. 1472ರ ಫೆಬ್ರವರಿ 1ರಂದು ವಿಜಯನಗರದ ಅಧೀನದಲ್ಲಿದ್ದ ಗೋವಾ ಅವರ ಕೈಸೇರಿತು. ಮೂರು ವರ್ಷಗಳ ತಾಳ್ಮೆಗೆ ಸಿಕ್ಕ ಫಲ ಅದು.

ಗೆಲುವಿನ ಮರುದಿನ

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಗೆಲುವಿನ ನಂತರ ನಡೆದ ಸಂಗತಿ. ಇದನ್ನು ಬರೆದಿಟ್ಟವರು ಇತಿಹಾಸಕಾರ ಫಿರಿಶ್ತಾ. ಅವರು ಬಿಜಾಪುರದ ಆಸ್ಥಾನದಲ್ಲಿದ್ದವರು. ಗವಾನರು ತೀರಿಕೊಂಡು ನೂರು ವರ್ಷಗಳ ಮೇಲೆ ಬರೆದವರು. ಹಾಗಾಗಿ ಪ್ರತಿ ಮಾತನ್ನೂ ಕಣ್ಣಾರೆ ಕಂಡ ಸಾಕ್ಷ್ಯವೆಂದು ಹಿಡಿಯಬೇಕಾಗಿಲ್ಲ. ಆದರೆ ದಖನ್ನಿನ ಜನ ಗವಾನರನ್ನು ಹೇಗೆ ನೆನಪಿಟ್ಟುಕೊಂಡಿದ್ದರೆಂಬುದು ಅದರಿಂದ ತಿಳಿಯುತ್ತದೆ.

ಗೆದ್ದು ಬಂದ ಮಂತ್ರಿಗೆ ಗೌರವ ತೋರಿಸಲು ಸುಲ್ತಾನನೇ ಅವರ ಮನೆಗೆ ಹೋಗಿ ಒಂದು ವಾರ ಉಳಿದ. ರಾಜಮಾತೆ ಅವರನ್ನು ಸಹೋದರನೆಂದು ಕರೆದಳು. ಒಬ್ಬ ಮಂತ್ರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇರಲಾರದು. ಅರಸ ಅರಮನೆಗೆ ಮರಳಿದ ಮೇಲೆ ಗವಾನರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅರಸ ತೊಡಿಸಿದ ಉಡುಪು ಕಳಚಿ ನೆಲಕ್ಕೆ ಬಿದ್ದು ಅತ್ತರು. ಹೊರಗೆ ಬಂದಾಗ ಮೈಮೇಲೆ ಫಕೀರರ ಬಟ್ಟೆಯಿತ್ತು. ನಗರದ ವಿದ್ವಾಂಸರನ್ನೂ ಸಜ್ಜನರನ್ನೂ ಕರೆಸಿ ತಮ್ಮ ಹಣ, ಒಡವೆಗಳನ್ನೆಲ್ಲ ಹಂಚಿಬಿಟ್ಟರು. ಆನೆ, ಕುದುರೆ ಮತ್ತು ಪುಸ್ತಕಗಳನ್ನು ಮಾತ್ರ ಇಟ್ಟುಕೊಂಡರು.

ಅವನ್ನೇಕೆ ಉಳಿಸಿಕೊಂಡಿರಿ ಎಂದು ಒಬ್ಬರು ಕೇಳಿದರಂತೆ. ಅರಸ ಮನೆಗೆ ಬಂದ ದಿನ ತಮ್ಮ ಮನಸ್ಸು ಅಹಂಕಾರದಿಂದ ಉಬ್ಬಿ ಹಿಡಿತ ತಪ್ಪಿತೆಂದು ಗವಾನರು ಒಪ್ಪಿಕೊಂಡರು. ಆನೆ ಕುದುರೆಗಳು ಅರಸನವು, ತಮ್ಮ ಬಳಿ ಇರುವುದು ಎರವಲಾಗಿ. ಪುಸ್ತಕಗಳು ವಿದ್ಯಾರ್ಥಿಗಳವು, ತಮ್ಮವಲ್ಲ ಎಂದರು.

ಸೋತಾಗ ಅಳುವವರನ್ನು ನಾವೆಲ್ಲ ನೋಡಿದ್ದೇವೆ. ಗೆದ್ದಾಗ ಹೆದರಿ ಅತ್ತವರು ಎಷ್ಟು ಮಂದಿ? ಯಶಸ್ಸು ಕೈಬಿಟ್ಟುಹೋಗುವುದು ಶತ್ರುವಿನ ಮನೆಯಿಂದಲ್ಲ, ಮೊದಲು ನಮ್ಮ ಒಳಕೋಣೆಯಿಂದ ಎಂಬುದು ಅವರಿಗೆ ತಿಳಿದಿತ್ತು. ನಾವು ಗಳಿಸಿದ್ದರಲ್ಲಿ ಯಾವುದು ನಮ್ಮದು, ಯಾವುದು ಎರವಲು ಎಂದು ಬೇರ್ಪಡಿಸಿ ನೋಡುವುದೇ ಅವರು ಕಂಡುಕೊಂಡ ಮದ್ದು.

ಈ ಬೇರ್ಪಡಿಸುವಿಕೆ ಅವರ ಮನೆಯ ಲೆಕ್ಕದಲ್ಲೂ ಇತ್ತು. ಅವರ ಬಳಿ ಎರಡು ಖಜಾನೆಗಳಿದ್ದವು. ಒಂದು ಅರಸನ ಖಜಾನೆ. ಜಹಗೀರಿನಿಂದ ಬಂದ ಹಣ ಅಲ್ಲಿ ಸೇರಿ ಸೈನಿಕರ ಸಂಬಳಕ್ಕೆ, ಆನೆ ಕುದುರೆಗಳ ಮೇವಿಗೆ ಹೋಗುತ್ತಿತ್ತು. ಇನ್ನೊಂದು ಬಡವರ ಖಜಾನೆ. ಇರಾನಿನಿಂದ ತಂದಿದ್ದ ಸ್ವಂತ ಬಂಡವಾಳವನ್ನು ಗವಾನರು ಪ್ರಧಾನಿಯಾದ ಮೇಲೂ ವ್ಯಾಪಾರದಲ್ಲಿ ತೊಡಗಿಸಿದ್ದರು. ಊಟ ಬಟ್ಟೆಗಳ ಖರ್ಚು ಅದರ ಲಾಭದಿಂದಲೇ ನಡೆಯುತ್ತಿತ್ತು, ಮಿಕ್ಕದ್ದು ದಾನಕ್ಕೆ ಹೋಗುತ್ತಿತ್ತು. ರಾಜ್ಯದ ಬೊಕ್ಕಸ ಕೈಯಲ್ಲಿದ್ದ ಮನುಷ್ಯ ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದರು ಎಂದು ಹೇಳುತ್ತಾರೆ.

ಸುಧಾರಣೆಗೆ ತೆತ್ತ ಬೆಲೆ

ಗವಾನರು ಗೆದ್ದ ಕೋಟೆಗಳಿಗಿಂತ ಅವರು ಮಾಡಿದ ಆಡಳಿತ ಸುಧಾರಣೆ ದೊಡ್ಡದು. ಬಹಮನಿ ರಾಜ್ಯದಲ್ಲಿ ಗುಲ್ಬರ್ಗ, ದೌಲತಾಬಾದ್, ಬೇರಾರ್, ತೆಲಂಗಾಣ ಎಂಬ ನಾಲ್ಕು 'ತರಫ್'ಗಳಿದ್ದವು. ರಾಜ್ಯ ಬೆಳೆದಂತೆ ತರಫ್‌ದಾರರೂ ಬೆಳೆದು ಚಿಕ್ಕ ಅರಸರಂತಾಗಿದ್ದರು. ಗವಾನರು ನಾಲ್ಕನ್ನು ಎಂಟು ಮಾಡಿದರು. ಗುಲ್ಬರ್ಗದಿಂದ ಬಿಜಾಪುರ ಬೇರೆಯಾಯಿತು. ತೆಲಂಗಾಣ ವಾರಂಗಲ್ ಮತ್ತು ರಾಜಮಹೇಂದ್ರಿಗಳಾಯಿತು. ಪ್ರತಿ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಯಿತು. ಉಳಿದ ಕೋಟೆಗಳಿಗೆ ಕಿಲ್ಲೇದಾರರನ್ನು ರಾಜಧಾನಿಯಿಂದಲೇ ನೇಮಿಸುವ ಪದ್ಧತಿ ಬಂತು. ಪ್ರತಿ ಪ್ರಾಂತ್ಯದಲ್ಲೂ ಸ್ವಲ್ಪ ಭೂಮಿ ನೇರವಾಗಿ ಅರಸನ ಖಾಲ್ಸಾ ಆಯಿತು. ಜಮೀನಿನ ಅಳತೆ ನಡೆಯಿತು, ಹಳ್ಳಿಗಳ ಗಡಿ ಗುರುತಿಸಲಾಯಿತು.

ಸೈನ್ಯದ ಲೆಕ್ಕಕ್ಕೂ ಬಿಗಿ ಬಂತು. 500 ಮಂದಿಯ ದಳ ಇಡಬೇಕಾದ ಅಧಿಕಾರಿಗೆ ವರ್ಷಕ್ಕೆ 1 ಲಕ್ಷ ಹೊನ್ನು ದೊರೆಯುತ್ತಿತ್ತು. ಅದನ್ನು 1 ಲಕ್ಷ 25 ಸಾವಿರಕ್ಕೆ ಏರಿಸಿದರು. ಜಹಗೀರಿನಿಂದ ಅಷ್ಟು ಹುಟ್ಟದಿದ್ದರೆ ಬೊಕ್ಕಸದಿಂದ ತುಂಬಿಕೊಡುತ್ತಿದ್ದರು. ಆದರೆ ದಳದಲ್ಲಿ ತಲೆ ಕಡಿಮೆಯಿದ್ದರೆ ಅದರ ಹಣ ಕಡಿತವಾಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ಇರುವ ಸೈನಿಕರ ಹೆಸರಲ್ಲಿ ಹಣ ನುಂಗುವ ದಾರಿ ಮುಚ್ಚಿತು. ಇಂಥ ದಾರಿ ಮುಚ್ಚಿದವರಿಗೆ ಯಾವ ಕಾಲದಲ್ಲೂ ಗೆಳೆಯರು ಹೆಚ್ಚಿರುವುದಿಲ್ಲ.

ಆಗಿನ ಬೀದರ್ ಎರಡು ಗುಂಪುಗಳಾಗಿ ಒಡೆದಿತ್ತು. ಇರಾನ್, ತುರಾನ್ ಕಡೆಯಿಂದ ಹೊಸದಾಗಿ ಬಂದವರು ಅಫಾಕಿಗಳು. ತಲೆಮಾರುಗಳಿಂದ ಇಲ್ಲಿ ನೆಲೆಸಿದವರು, ಇಲ್ಲಿಯೇ ಇಸ್ಲಾಂ ಸ್ವೀಕರಿಸಿದವರು ದಖನಿಗಳು. ಆಫ್ರಿಕ ಮೂಲದ ಹಬಶಿಗಳು ಸಾಮಾನ್ಯವಾಗಿ ದಖನಿಗಳ ಜೊತೆಗಿದ್ದರು. ಒಂದೇ ಮಸೀದಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಮಾಜು ಮಾಡುವವರು ದರ್ಬಾರಿಗೆ ಬಂದರೆ ಎಡಕ್ಕೂ ಬಲಕ್ಕೂ ಬೇರೆಯಾಗಿ ನಿಲ್ಲುತ್ತಿದ್ದರು. ಗವಾನರು ಸ್ವತಃ ಅಫಾಕಿ. ಆದರೂ ಎಂಟು ತರಫ್‌ಗಳನ್ನು ಹಂಚುವಾಗ ಎರಡೂ ಕಡೆಯವರಿಗೆ ಪಾಲು ಕೊಟ್ಟರು. ಬೇರಾರಿನ ಎರಡು ಭಾಗಗಳು ಫತ್ಹುಲ್ಲಾಹ್ ಇಮಾದುಲ್ ಮುಲ್ಕ್ ಹಾಗೂ ಖುದಾವಂದ್ ಖಾನ್ ಹಬಶಿಯ ಪಾಲಾದವು. ರಾಜಮಹೇಂದ್ರಿ ದಖನಿಗಳ ಮುಖಂಡ ಮಲಿಕ್ ಹಸನ್‌ಗೆ ಹೋಯಿತು.

ಮಲಿಕ್ ಹಸನ್‌ಗೆ ಇಡೀ ತೆಲಂಗಾಣ ಬೇಕಿತ್ತು. ಸಿಕ್ಕಿದ್ದು ಅರ್ಧ. ನ್ಯಾಯವಾಗಿ ಹಂಚಿದೆವೆಂದು ನಾವು ಸಮಾಧಾನಪಡಬಹುದು. ಅರ್ಧ ಕಳೆದುಕೊಂಡವನಿಗೆ ಅದು ಅನ್ಯಾಯವಾಗಿಯೇ ಕಾಣುತ್ತದೆ. ಅವನ ಅಸಮಾಧಾನವನ್ನು ಮಾತಿನಲ್ಲಿ ಕರಗಿಸುವ ವ್ಯವಸ್ಥೆ ಆ ರಾಜ್ಯದಲ್ಲಿರಲಿಲ್ಲ.

ಒಂದು ಖಾಲಿ ಕಾಗದ

1481. ಸುಲ್ತಾನ ಮುಹಮ್ಮದ್ ಶಾಹ್ ಕಂಚಿಯವರೆಗೆ ದಾಳಿ ಮಾಡಿ ಬಂದು ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದ. ಮಲಿಕ್ ಹಸನ್‌ನ ಕಡೆಯವರು ಗವಾನರ ಮೊಹರು ಕಾಯುತ್ತಿದ್ದ ಗುಲಾಮನ ಸ್ನೇಹ ಬೆಳೆಸಿದರು. ಒಂದು ದಿನ ಅವನಿಗೆ ಕುಡಿಸಿ, ಯಾರೋ ಸ್ನೇಹಿತರ ಲೆಕ್ಕಪತ್ರವೆಂದು ಹೇಳಿ, ಮಡಿಚಿದ ಖಾಲಿ ಕಾಗದವೊಂದಕ್ಕೆ ಮೊಹರು ಒತ್ತಿಸಿಕೊಂಡರು. ಆ ಮೇಲೆ ಅದರಲ್ಲಿ ಒರಿಸ್ಸಾದ ಅರಸನಿಗೆ ಗವಾನರು ಬರೆದಂತೆ ಒಂದು ಪತ್ರ ಸೃಷ್ಟಿಯಾಯಿತು. ಸುಲ್ತಾನ ಕುಡಿತದಲ್ಲಿ ಮುಳುಗಿದ್ದಾನೆ, ಜನ ಬೇಸತ್ತಿದ್ದಾರೆ, ನೀವು ದಂಡೆತ್ತಿ ಬನ್ನಿ ಎಂಬುದು ಅದರ ಸಾರ.

ಪತ್ರವನ್ನು ಕಂಡ ಸುಲ್ತಾನ ಗವಾನರಿಗೆ ಕರೆ ಕಳುಹಿಸಿದ. ಅಪಾಯದ ವಾಸನೆ ಹಿಡಿದ ಗೆಳೆಯರು ಗುಜರಾತಿಗೆ ಹೊರಟುಬಿಡಿ ಎಂದು ಬೇಡಿಕೊಂಡರು. ಇಷ್ಟು ವರ್ಷ ನಿಷ್ಠೆಯಿಂದ ದುಡಿದ ತಾವು ತಪ್ಪಿಲ್ಲದೆ ಓಡಿಹೋಗುವುದಿಲ್ಲ ಎಂದರು ಗವಾನರು. ದ್ರೋಹಿಗೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಕತ್ತಿಯೇ ಶಿಕ್ಷೆ ಎಂದು ಅವರೇ ಉತ್ತರಿಸಿದರು. ಪತ್ರ ಮುಂದಿಟ್ಟಾಗ, ಮೊಹರು ತಮ್ಮದು, ಪತ್ರ ತಮ್ಮದಲ್ಲ ಎಂದರು. ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ನಡೆಸಲಿಲ್ಲ. ಮುದುಕನೊಬ್ಬನ ಸಾವು ದೊಡ್ಡದಲ್ಲ, ಆದರೆ ಅದು ನಿಮ್ಮ ರಾಜ್ಯದ ನಾಶಕ್ಕೆ ಕಾರಣವಾದೀತು ಎಂದು ಗವಾನರು ಎಚ್ಚರಿಸಿದರು. ಏಪ್ರಿಲ್ 5ರಂದು ಎಪ್ಪತ್ತರ ಆಸುಪಾಸಿನ ಆ ಹಿರಿಯರ ತಲೆ ಉರುಳಿತು.

ಕೂಡಲೇ ಸುಲ್ತಾನ ಗವಾನರ ಸಂಪತ್ತು ಹುಡುಕಿಸಿದ. ಇಷ್ಟು ದೊಡ್ಡ ಪದವಿಯಲ್ಲಿದ್ದವರ ಮನೆಯಲ್ಲಿ ರಾಶಿ ಹೊನ್ನು ಇರಲೇಬೇಕು ಎಂಬುದು ಅವನ ಎಣಿಕೆ. ಖಜಾಂಚಿ ಎರಡು ಖಜಾನೆಗಳ ಲೆಕ್ಕ ಒಪ್ಪಿಸಿದ. ಎರಡರಲ್ಲೂ ಉಳಿದಿದ್ದು ಅಲ್ಪ. ಸತ್ತ ಮೇಲೆ ಗವಾನರ ನಿರಪರಾಧವನ್ನು ಸಾಬೀತು ಮಾಡಿದ್ದು ಅವರು ಬದುಕಿದ್ದಾಗ ಇಟ್ಟ ಆ ಲೆಕ್ಕ.

ಅವರ ಮಾತು ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಇಂಥ ಮಂತ್ರಿಯನ್ನೇ ಕೊಂದ ಅರಸನ ಬಳಿ ನಮ್ಮ ತಲೆ ಎಷ್ಟು ದಿನ ಎಂದು ಸರದಾರರು ಯೋಚಿಸಿದರು. ಅಫಾಕಿಗಳಲ್ಲದ ಇಮಾದುಲ್ ಮುಲ್ಕ್, ಖುದಾವಂದ್ ಖಾನ್ ಕೂಡ ತಮ್ಮ ಡೇರೆಗಳನ್ನು ದೂರ ಹಾಕಿಕೊಂಡರು. ಸುಲ್ತಾನ ಪಶ್ಚಾತ್ತಾಪದಲ್ಲಿ ಬೆಂದು 1482ರಲ್ಲಿ ತೀರಿಕೊಂಡ. ಸಂಚು ಹೂಡಿದ ಮಲಿಕ್ ಹಸನ್ ಅಧಿಕಾರ ಹಿಡಿದನಾದರೂ 1486ರಲ್ಲಿ ತಾನೂ ಕೊಲೆಯಾದ. 1490ರ ಹೊತ್ತಿಗೆ ಬಿಜಾಪುರ, ಅಹ್ಮದ್‌ನಗರ, ಬೇರಾರ್ ಬೇರೆಬೇರೆ ರಾಜ್ಯಗಳಾಗತೊಡಗಿದ್ದವು. ಬಿಜಾಪುರದ ಆದಿಲ್‌ಶಾಹಿ ಸ್ಥಾಪಿಸಿದ ಯೂಸುಫ್ ಆದಿಲ್ ಖಾನ್ ಗವಾನರ ಆಶ್ರಯದಲ್ಲಿ ಬೆಳೆದವನು. ಅಹ್ಮದ್‌ನಗರದ ನಿಜಾಮ್‌ಶಾಹಿ ಸ್ಥಾಪಿಸಿದವನು ಮಲಿಕ್ ಹಸನ್‌ನ ಮಗ. ಮುಂದೆ ಗೋಲ್ಕೊಂಡ, ಬೀದರ್ ಸೇರಿ ಐದು ರಾಜ್ಯಗಳಾದವು.

ಎಲ್ಲಿ ಎಡವಿದರು?

ಗವಾನರನ್ನು ಕೇವಲ ಸಂತನಂತೆ ಚಿತ್ರಿಸಿ ಮುಗಿಸುವುದು ಸುಲಭ. ಆದರೆ ಅದರಿಂದ ನಾವು ಕಲಿಯುವುದು ಕಡಿಮೆ. ಅವರು ಯುದ್ಧಗಳನ್ನು ನಡೆಸಿದ ಮಂತ್ರಿ. ಆ ಕಾಲದಲ್ಲೇ ಬೀದರ್‌ಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿ ಸರದಾರರು ವೈಭವದಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಬಡತನದಲ್ಲಿದ್ದಾರೆ ಎಂದು ಬರೆದಿಟ್ಟಿದ್ದಾನೆ. ಪ್ರಧಾನಿ ಚಾಪೆಯ ಮೇಲೆ ಮಲಗಿದ ಮಾತ್ರಕ್ಕೆ ರೈತನ ಮನೆಗೆ ಮಂಚ ಬರಲಿಲ್ಲ.

ಇನ್ನೊಂದು ಕೊರತೆ ಅದಕ್ಕಿಂತ ಆಳದ್ದು. ಅವರ ಸುಧಾರಣೆಗಳೆಲ್ಲ ಒಂದೇ ಕಂಬದ ಮೇಲೆ ನಿಂತಿದ್ದವು. ಆ ಕಂಬ ಅವರೇ. ಒಬ್ಬ ಅರಸನ ವಿಶ್ವಾಸ, ಒಂದು ಮೊಹರು, ಅದನ್ನು ಕಾಯುವ ಒಬ್ಬ ಗುಲಾಮ, ಇಷ್ಟರ ಮೇಲೆ ಇಡೀ ರಾಜ್ಯದ ವ್ಯವಸ್ಥೆ ನಿಂತಿತ್ತು. ಆರೋಪ ಬಂದರೆ ವಿಚಾರಿಸುವ ಪೀಠವಿರಲಿಲ್ಲ. ಅವರ ನಂತರ ಎರಡೂ ಗುಂಪನ್ನು ಹಿಡಿದಿಡುವ ಎರಡನೆಯ ಮನುಷ್ಯನಿರಲಿಲ್ಲ. ಪ್ರಾಮಾಣಿಕತೆ ಅವರ ಹೆಸರನ್ನು ಕಾಪಾಡಿತು. ಅವರ ಪ್ರಾಣವನ್ನಾಗಲಿ ರಾಜ್ಯವನ್ನಾಗಲಿ ಕಾಪಾಡಲಿಲ್ಲ.

ಇದನ್ನು ನಾವು ಇಂದು ನಮ್ಮ ಸುತ್ತಲೇ ನೋಡಬಹುದು. ಒಬ್ಬ ಸಮರ್ಥರು ಕಟ್ಟಿದ ಶಾಲೆ ಅವರು ಕಣ್ಮುಚ್ಚಿದ ಮೇಲೆ ವ್ಯಾಜ್ಯಕ್ಕೆ ಬೀಳುತ್ತದೆ. ಒಬ್ಬರ ಹೆಗಲ ಮೇಲೆ ನಡೆದ ಅಂಗಡಿ ಮಕ್ಕಳ ಕಾಲಕ್ಕೆ ಪಾಲಾಗುತ್ತದೆ. ಒಬ್ಬ ಹುಡುಗ ಐಎಎಸ್ ಪಾಸಾದರೆ ಊರೆಲ್ಲ ಶಾಲು ಹೊದಿಸುತ್ತೇವೆ. ಅವನ ಹಿಂದೆ ಹತ್ತು ಹುಡುಗ ಹುಡುಗಿಯರು ಓದಲು ಒಂದು ವಾಚನಾಲಯ ತೆರೆಯುವುದು ನೆನಪಾಗುವುದಿಲ್ಲ. ವ್ಯಕ್ತಿಯ ಯಶಸ್ಸನ್ನು ಹಬ್ಬ ಮಾಡುವ ನಾವು ಅದನ್ನು ಉಳಿಸುವ ಸಂಸ್ಥೆಯನ್ನು ಕಟ್ಟುವುದರಲ್ಲಿ ಹಿಂದೆ.

ಉಳಿದದ್ದು

ಗವಾನರು ತಮಗಿಂತ ಹೆಚ್ಚು ಕಾಲ ಬಾಳುವಂತೆ ಕಟ್ಟಿದ್ದು ಒಂದನ್ನೇ: ಬೀದರ್‌ನ ಮದ್ರಸ. 205 ಅಡಿ ಉದ್ದ, 180 ಅಡಿ ಅಗಲದ ಮೂರು ಅಂತಸ್ತಿನ ಕಟ್ಟಡ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅಲ್ಲಿಯೇ ವಸತಿ. ಮಸೀದಿ, ಪಾಠದ ಕೋಣೆಗಳು, 3,000 ಹಸ್ತಪ್ರತಿಗಳ ಗ್ರಂಥಾಲಯ. ವಿದ್ಯಾರ್ಥಿಗಳವು ಎಂದು ಗವಾನರು ಉಳಿಸಿಕೊಂಡ ಪುಸ್ತಕಗಳಿಗೆ ತಕ್ಕ ಮನೆ ಅದು. ಹೊರದೇಶಗಳಿಂದ ವಿದ್ವಾಂಸರನ್ನು ಕರೆಸಲು ಅವರು ಪತ್ರ ಬರೆದರು. ಪ್ರಸಿದ್ಧ ಕವಿ ಜಾಮಿಯವರಿಗೂ ಆಹ್ವಾನ ಹೋಗಿತ್ತು. ಅವರು ಬರಲಾಗಲಿಲ್ಲ. ಗವಾನರ ಪತ್ರಗಳು 'ರಿಯಾಜುಲ್ ಇನ್‌ಶಾ' ಎಂಬ ಸಂಗ್ರಹದಲ್ಲಿ ಇಂದಿಗೂ ಓದಲು ಸಿಗುತ್ತವೆ. ಕೊಂದ ಅರಸನ ಒಂದು ಸಾಲೂ ನಮಗೆ ನೆನಪಿಲ್ಲ.

ಮದ್ರಸ ಕೂಡ ತಾನಾಗಿಯೇ ಉಳಿಯಲಿಲ್ಲ. ಕಾಯುವವರಿದ್ದಷ್ಟು ಕಾಲ ವಿದ್ಯಾಲಯವಾಗಿತ್ತು. 1657ರಲ್ಲಿ ಬೀದರ್ ಮೊಗಲರ ಕೈಸೇರಿದ ನಂತರ ಪುಸ್ತಕಗಳಿದ್ದ ಕಟ್ಟಡಕ್ಕೆ ಸೈನಿಕರೂ ಮದ್ದಿನ ಪುಡಿಯೂ ಬಂದವು. 1696ರಲ್ಲಿ ಸಿಡಿಲು ಬಡಿದು ಮುಂಭಾಗದ ಒಂದು ಮಿನಾರು, ಅದಕ್ಕೆ ಸೇರಿದ ಕೋಣೆಗಳು ಕುಸಿದವು. ಒಂದು ತಲೆಮಾರು ಕಟ್ಟಿದ್ದನ್ನು ಮುಂದಿನ ತಲೆಮಾರು ಯಾವ ಕೆಲಸಕ್ಕೆ ಬಳಸುತ್ತದೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ.

ಅರಬಿ ಅಕ್ಷರಗಳಿಗೆ ಒಂದೊಂದು ಸಂಖ್ಯೆಯಿದೆ. ಹಿಂದಿನ ಕವಿಗಳು ವರ್ಷವನ್ನು ಸೂಚಿಸುವಂತೆ ಅಕ್ಷರಗಳನ್ನು ಜೋಡಿಸಿ ಮಾತು ಕಟ್ಟುತ್ತಿದ್ದರು. ಮದ್ರಸ ಮುಗಿದ ವರ್ಷಕ್ಕೆ ಸಾಮಿ ಎಂಬ ಕವಿ ಆರಿಸಿದ್ದು ಪವಿತ್ರ ಕುರ್‌ಆನಿನ ಮೂರು ಪದಗಳ ಪ್ರಾರ್ಥನೆ. ಕಅಬಾದ ಗೋಡೆ ಎತ್ತುವಾಗ ಪ್ರವಾದಿ ಇಬ್ರಾಹೀಮ್ ಮತ್ತು ಇಸ್ಮಾಯೀಲ್ (ಅ) ತಮ್ಮ ದುಡಿಮೆಯನ್ನು ಸ್ವೀಕರಿಸೆಂದು ಅಲ್ಲಾಹನಲ್ಲಿ ಬೇಡಿಕೊಂಡ ಮಾತದು. ಅಕ್ಷರಗಳನ್ನು ಕೂಡಿದರೆ ಹಿಜರಿ 876. ಗವಾನರ ಸಾವಿಗೆ ಅವರ ಶಿಷ್ಯ ಅಬ್ದುಲ್ ಕರೀಮ್ ರಚಿಸಿದ ಸಾಲು, ಅವರು ನಿರಪರಾಧಿಯಾಗಿ ಹುತಾತ್ಮರಾದರೆಂದು ಹೇಳುತ್ತದೆ. ಅದರ ಮೊತ್ತ ಹಿಜರಿ 886.

ಎರಡರ ನಡುವೆ ಹತ್ತೇ ವರ್ಷ. ಗೋವಾ ಗೆದ್ದ ಕೀರ್ತಿ, ಪ್ರಧಾನಿಯ ಪದವಿ, ಅರಸನ ಸ್ನೇಹ ಎಲ್ಲವೂ ಆ ಹತ್ತು ವರ್ಷಗಳಲ್ಲಿ ಕರಗಿಹೋದವು. ಬೀದರ್ ಹೊರವಲಯದ ಗೋರ್ನಳ್ಳಿಯ ಬಳಿ ಅವರ ಸಮಾಧಿಯಿದೆ. ಗುಮ್ಮಟವಿಲ್ಲದ ಸಾದಾ ಕಟ್ಟೆ. ಬಹಮನಿ ಸುಲ್ತಾನರ ಗುಮ್ಮಟಗಳನ್ನು ನೋಡಲು ಹೋಗುವವರು ಅಲ್ಲಿಗೂ ಒಮ್ಮೆ ಹೋಗಿ ಬರಬೇಕು. ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ನೀನು ಏನಾಗುವೆ ಎಂದು ನಾವು ಅವರನ್ನು ದಿನವೂ ಕೇಳುತ್ತೇವೆ. ಆದ ಮೇಲೆ ನಿನ್ನ ಎರಡನೆಯ ಖಜಾನೆಯಲ್ಲಿ ಏನಿಡುವೆ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.